ಜೋಡಿ ಅಭ್ಯಾಸದಲ್ಲಿ ಕೈ ‘ಕೇಳುವುದನ್ನು’ ಕಲಿಯುವುದು ಹೇಗೆ? ತೈ ಚಿಯ ತುಯ್ ಶೋ ಕುರಿತು ಚರ್ಚೆ

ಗುಡ್ಡದ ಬುಡದವ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಕೋಟೆ ಗುಡ್ಡದ ಬುಡದ ಬಯಲಿನಲ್ಲಿ ನಾವು ಐದು ಜನ ಒಂದೂವರೆ ವರ್ಷದಿಂದ ಚೀನಾದ ಸಮರಕಲೆಯಾದ ತೈ ಚಿ ಅಭ್ಯಾಸ ಮಾಡುತ್ತಿದ್ದೇವೆ. ನಮ್ಮಲ್ಲಿ ಒಬ್ಬರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ನಾಲ್ಕು ವರ್ಷ ಕಲಿತು ಬಂದವರು. ತೈ ಚಿಯ ಯಾಂಗ್ ಎಂಬ ಶೈಲಿಯನ್ನು ಸಂಕ್ಷೇಪಿಸಿ 1956ರಲ್ಲಿ ಚೀನಾದ ಕ್ರೀಡಾ ಆಯೋಗ ರೂಪಿಸಿದ 24 ಭಂಗಿಗಳ ಸರಣಿಯನ್ನು ಅವರೇ ನಮಗೆ ಹೇಳಿಕೊಟ್ಟರು. ಒಬ್ಬೊಬ್ಬರೇ ಮಾಡುವ ಆ ಸರಣಿಯಲ್ಲಿ ನನಗೆ ತಕ್ಕಮಟ್ಟಿನ ಹಿಡಿತ ಬಂದಿದೆ ಎಂದು ನಂಬಿಕೊಂಡಿದ್ದೆ. ಮೂರು ತಿಂಗಳ ಹಿಂದೆ ಜೋಡಿ ಅಭ್ಯಾಸ, ಅಂದರೆ ತುಯ್ ಶೋ, ಆರಂಭಿಸಿದ ಮೊದಲ ವಾರದಲ್ಲೇ ಆ ನಂಬಿಕೆ ಕಳಚಿಬಿತ್ತು.

ನಾವು ಮಾಡುವುದು ತೀರ ಪ್ರಾಥಮಿಕವಾದ ಒಂಟಿ ಕೈಯ ಸುತ್ತು. ಇಬ್ಬರೂ ಬಲಗಾಲು ಮುಂದಿಟ್ಟು ಎದುರುಬದುರು ನಿಲ್ಲುತ್ತೇವೆ. ಬಲ ಮಣಿಕಟ್ಟುಗಳ ಹೊರಬದಿ ಒಂದಕ್ಕೊಂದು ತಾಗಿರುತ್ತದೆ. ಒಬ್ಬರು ಅಂಗೈ ತಿರುಗಿಸಿ ಎದುರಿನವರ ಎದೆಯತ್ತ ನಿಧಾನವಾಗಿ ಒತ್ತುತ್ತಾರೆ. ಎದುರಿನವರು ಭಾರವನ್ನು ಹಿಂಗಾಲಿಗೆ ತಂದುಕೊಂಡು, ಸೊಂಟ ತಿರುಗಿಸಿ, ಆ ಒತ್ತಡವನ್ನು ಪಕ್ಕಕ್ಕೆ ಸಾಗಹಾಕುತ್ತಾರೆ. ಬಳಿಕ ಒತ್ತುವ ಸರದಿ ಅವರದು. ಪಾದ ಕದಲಬಾರದು, ಸ್ಪರ್ಶ ತಪ್ಪಬಾರದು. ದೂರದಿಂದ ನೋಡುವವರಿಗೆ ಇಬ್ಬರು ಕೂಡಿ ಬೀಸುವ ಕಲ್ಲು ತಿರುಗಿಸುತ್ತಿರುವಂತೆ ಕಾಣುತ್ತದೆ.

ನನ್ನ ತೊಡಕು ಎರಡು. ನನ್ನ ಜೋಡಿಗಾರರಲ್ಲಿ ಒಬ್ಬರು ಲಾರಿ ವ್ಯವಹಾರದವರು, ತೂಕ 92 ಕಿಲೋ; ನಾನು 61. ಮೊದಲ ಎರಡು ಸುತ್ತು ಚೆನ್ನಾಗಿ ನಡೆಯುತ್ತವೆ, ಮೂರನೆಯದಕ್ಕೆ ಇಬ್ಬರ ಮುಂಗೈಯೂ ಗಟ್ಟಿಯಾಗಿ, ಐದನೆಯದಕ್ಕೆ ಅದು ಪಂಜದ ಪಂದ್ಯವಾಗುತ್ತದೆ. ನಾನು ಸೋತು ಬದಿಗೆ ಸರಿಯುತ್ತೇನೆ, ರಾತ್ರಿ ಹೆಗಲು ನೋಯುತ್ತದೆ. ಎರಡನೆಯದು ಇದಕ್ಕೆ ತದ್ವಿರುದ್ಧ. ನಮ್ಮ ಗುಂಪಿನಲ್ಲಿ 68 ವರ್ಷದ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಅವರೆದುರು ನಿಂತರೆ ನನ್ನ ಕೈ ಅವರ ಎದೆಯ ಹತ್ತಿರ ಹೋಗುವ ಮುನ್ನವೇ ತಾನಾಗಿ ಹಿಂದಕ್ಕೆ ಬರುತ್ತದೆ. ಅವರು ಸ್ವಲ್ಪ ಒತ್ತಿದರೆ ಸಾಕು, ನಾನು ಎರಡು ಹೆಜ್ಜೆ ಹಿಂದೆ ಹೋಗಿ ‘ಆಹಾ ಸರ್’ ಎನ್ನುತ್ತೇನೆ. ಈ ಎರಡರಲ್ಲೂ ನನ್ನ ಕೈ ಏನನ್ನೂ ಕಲಿಯುತ್ತಿಲ್ಲ ಎಂಬುದು ನನಗೆ ಗೊತ್ತು. ಸ್ಪರ್ಶದಿಂದ ಎದುರಿನವರ ಬಲ ಎಲ್ಲಿಂದ ಬರುತ್ತಿದೆ, ಯಾವ ಕಡೆಗೆ ಹೊರಟಿದೆ ಎಂದು ತಿಳಿಯುವ ಸೂಕ್ಷ್ಮತೆಯನ್ನು ಬೆಳೆಸಿಕೊಳ್ಳುವ ದಾರಿ ಯಾವುದು? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಫಿಜಿಯೋ ಅಕ್ಕ (ಕೊಪ್ಪಳ)

ನಿಮ್ಮ ಮೊದಲ ತೊಡಕಿಗೆ ನನ್ನ ವೃತ್ತಿಯ ಕಡೆಯಿಂದ ಒಂದು ವಿವರಣೆ ಕೊಡಬಲ್ಲೆ. 19ನೆಯ ಶತಮಾನದಲ್ಲಿ ಜರ್ಮನಿಯ ಎರ್ನ್‌ಸ್ಟ್ ವೇಬರ್ ಎಂಬ ವಿಜ್ಞಾನಿ ತೂಕ ಮತ್ತು ಸ್ಪರ್ಶದ ಮೇಲೆ ಪ್ರಯೋಗ ಮಾಡಿ ಒಂದು ನಿಯಮವನ್ನು ಕಂಡುಕೊಂಡ: ನಮಗೆ ವ್ಯತ್ಯಾಸ ಗೊತ್ತಾಗಬೇಕಾದರೆ ಎಷ್ಟು ಸೇರಿಸಬೇಕು ಎಂಬುದು ಈಗಾಗಲೇ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಹತ್ತು ಕಿಲೋ ಜೋಳದ ಚೀಲ ಹಿಡಿದವರ ಚೀಲಕ್ಕೆ ಸದ್ದಿಲ್ಲದೆ ಒಂದು ಹಿಡಿ ಜೋಳ ಹಾಕಿದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಅಂಗೈಯಲ್ಲಿ ಒಂದು ಹಿಡಿ ಇರುವಾಗ ಇನ್ನೊಂದು ಹಿಡಿ ಹಾಕಿದರೆ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ. ನಿಮ್ಮ ಮುಂಗೈ ಹತ್ತು ಕಿಲೋ ಬಲದಿಂದ ಸೆಣಸುತ್ತಿರುವಾಗ ಲಾರಿ ಯಜಮಾನರು ದಿಕ್ಕು ಬದಲಿಸುವ ಮುನ್ನ ಕೊಡುವ ಅಲ್ಪ ಸೂಚನೆ ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ‘ಹಗುರವಾಗಿರಿ’ ಎಂಬುದು ಬರೀ ಉಪದೇಶವಲ್ಲ, ಕೇಳಿಸಬೇಕಾದರೆ ಗದ್ದಲ ಕಡಿಮೆ ಮಾಡಲೇಬೇಕು.

ಇನ್ನೊಂದು ವಿಷಯ. ಕಣ್ಣಿನಿಂದ ನೋಡಿ ಪ್ರತಿಕ್ರಿಯಿಸುವುದಕ್ಕಿಂತ ಸ್ಪರ್ಶದಿಂದ ತಿಳಿದು ಪ್ರತಿಕ್ರಿಯಿಸುವುದು ಸಾಮಾನ್ಯವಾಗಿ ಬೇಗ. ಕಣ್ಣಿಗೆ ಸುಮಾರು 200 ಮಿಲಿಸೆಕೆಂಡು ಬೇಕಾದರೆ ಚರ್ಮಕ್ಕೆ ಸುಮಾರು 150 ಸಾಕು. ಎದುರಿನವರ ಕೈಯನ್ನೇ ದಿಟ್ಟಿಸಿ ನೋಡುತ್ತಾ ಅಭ್ಯಾಸ ಮಾಡುವವರು ತಮಗಿರುವ ಈ ಅನುಕೂಲವನ್ನು ತಾವೇ ಕೈಬಿಡುತ್ತಾರೆ.

ಒಂದು ಕೆಲಸ ಮಾಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದನ್ನು ಬಯಲಿಗೆ ಒಯ್ಯಿರಿ. ಅದನ್ನು ಕಟ್ಟೆಯ ಮೇಲಿಟ್ಟು, ಪ್ರತಿಯೊಬ್ಬರೂ ಮಣಿಕಟ್ಟಿನಿಂದ ಒತ್ತಿ 200 ಗ್ರಾಂ ಎಂದರೆ ಎಷ್ಟು ಎಂಬುದನ್ನು ಕೈಗೆ ಪರಿಚಯ ಮಾಡಿಸಿ. ಬಹುತೇಕರು ‘ಹಗುರ’ ಎಂದುಕೊಂಡು ಒತ್ತುವುದು ಒಂದೂವರೆ ಕಿಲೋ ಇರುತ್ತದೆ. ನನ್ನ ಬಳಿಗೆ ಬರುವವರಲ್ಲಿ ಇದನ್ನು ದಿನವೂ ನೋಡುತ್ತೇನೆ.

ಮೇಷ್ಟ್ರ ವಿಷಯದಲ್ಲಿ ಒಂದು ಎಚ್ಚರಿಕೆ: ಅವರಿಗೆ ಸಕ್ಕರೆ ಕಾಯಿಲೆಯಿದ್ದರೆ ಪಾದದ ಸಂವೇದನೆ ಕುಗ್ಗಿರಬಹುದು. ಅಂಥವರು ಬರಿಗಾಲಿನಲ್ಲಿ ನಿಲ್ಲುವುದು ಬೇಡ, ಹಿಂದೆ ಗೋಡೆಯೋ ಇನ್ನೊಬ್ಬರೋ ಇರಲಿ. ಸೊಂಟ ತಿರುಗಿಸುವಾಗ ಮಂಡಿ ಪಾದದ ಬೆರಳುಗಳ ನೇರದಲ್ಲೇ ಇರಬೇಕು, ಮಂಡಿಯನ್ನು ತಿರುಚಬಾರದು.

ಗರಡಿ ಹಳಬ (ರಾಯಚೂರು)

ನಾನು ತೈ ಚಿ ಕಲಿತವನಲ್ಲ. ಹದಿನಾಲ್ಕನೆಯ ವಯಸ್ಸಿನಿಂದ 22 ವರ್ಷ ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಿದವನು. ಈಗ ಮಾವಿನಕೆರೆಯ ಕಡೆ ಮುಂಜಾನೆ ನಡೆಯಲು ಹೋಗುವುದಷ್ಟೇ ಉಳಿದಿದೆ. ಸ್ಪರ್ಶದಿಂದ ತಿಳಿಯುವುದು ನಿಮ್ಮ ಚೀನಾದವರ ಸ್ವತ್ತಲ್ಲ ಎಂದು ಹೇಳಲು ಬಂದೆ. ಎದುರಾಳಿಯ ಮುಂಗೈ ಹಿಡಿದ ಕೂಡಲೇ ಅವನ ಭಾರ ಯಾವ ಕಾಲಿನ ಮೇಲಿದೆ ಎಂದು ಗೊತ್ತಾಗದವನು ಪಟ್ಟು ಹಾಕಲಾರ. ಹಾಕಿದರೂ ತಾನೇ ಕೆಳಗೆ ಬೀಳುತ್ತಾನೆ. ಇದನ್ನು ನಮಗೆ ಯಾರೂ ಬಾಯಿಬಿಟ್ಟು ಹೇಳಿಕೊಡಲಿಲ್ಲ, ಬಿದ್ದು ಬಿದ್ದು ಕಲಿತೆವು.

ಆದರೆ 200 ಗ್ರಾಂ ಎಂಬ ಮಾತು ನನಗೆ ಹಿಡಿಸಲಿಲ್ಲ. ಕಣದಲ್ಲಿ 200 ಗ್ರಾಂ ಲೆಕ್ಕದಲ್ಲಿ ನಿಮ್ಮನ್ನು ಮುಟ್ಟುವವರು ಯಾರೂ ಇರುವುದಿಲ್ಲ. ಹಗುರ ಸ್ಪರ್ಶಕ್ಕೆ ಒಗ್ಗಿಹೋದ ಕೈ ನಿಜವಾದ ಬಲ ಬಂದಾಗ ಗಾಬರಿಯಾಗುವುದಿಲ್ಲವೇ? ಆ 92 ಕಿಲೋದವರು ನಿಮಗೆ ಉಪಕಾರವನ್ನೇ ಮಾಡುತ್ತಿದ್ದಾರೆ ಎಂದು ನನ್ನ ಅಭಿಪ್ರಾಯ.

ಹಿಂಗಾಲು (ಬಳ್ಳಾರಿ)

ಗುಡ್ಡದ ಬುಡದವರು ಹೇಳಿದ ‘ಬೆಂಗಳೂರಿನಲ್ಲಿ ಕಲಿತು ಬಂದವರು’ ನಾನೇ. ಪ್ರಶ್ನೆಯನ್ನು ನೇರವಾಗಿ ನನ್ನನ್ನೇ ಕೇಳಬಹುದಿತ್ತಲ್ಲ ಎಂದು ಮೊದಲು ಅನ್ನಿಸಿತು. ಇಷ್ಟು ಉತ್ತರಗಳನ್ನು ಓದಿದ ಮೇಲೆ ಇಲ್ಲಿ ಕೇಳಿದ್ದೇ ಒಳಿತಾಯಿತು ಎನ್ನಿಸುತ್ತಿದೆ.

ವಸ್ತಾದರೇ, ನಿಮ್ಮ ಆಕ್ಷೇಪ ಸರಿಯಾದ ಜಾಗದಲ್ಲೇ ಬಿದ್ದಿದೆ. ತೈ ಚಿಯ ಮೂಲವೆಂದು ಹೇಳಲಾಗುವ ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ ಜೋಡಿ ಅಭ್ಯಾಸವೆಂದರೆ ಕೀಲು ತಿರುವುವುದು, ಕಾಲು ತೊಡರಿಸುವುದು, ಎತ್ತಿ ಕೆಡವುವುದು ಎಲ್ಲವೂ ಸೇರಿರುತ್ತವೆ. ಹಗುರ ಸ್ಪರ್ಶ ಅಲ್ಲಿಯೂ ಕೊನೆಯ ಗುರಿಯಲ್ಲ. ಅದು ಅಕ್ಷರಾಭ್ಯಾಸ. ಮೊದಲು ಪಾದ ಕದಲಿಸದೆ ಒಂಟಿ ಕೈ, ಅನಂತರ ಒಂದು ಕೈ ಮಣಿಕಟ್ಟಿನ ಮೇಲೆ ಇನ್ನೊಂದು ಮೊಣಕೈಯ ಮೇಲೆ ಇಟ್ಟು ಎರಡೂ ಕೈಗಳ ಸುತ್ತು, ಅನಂತರ ಹೆಜ್ಜೆ ಹಾಕುತ್ತಾ ಮಾಡುವುದು, ಕಡೆಗೆ ಕಟ್ಟುಪಾಡಿಲ್ಲದ ಮುಕ್ತ ಅಭ್ಯಾಸ. ಬಲವನ್ನು ಆ ಕ್ರಮದಲ್ಲೇ ಏರಿಸುತ್ತಾರೆ. ನಾವು ಮಾಡಿದ ತಪ್ಪು ಏನೆಂದರೆ ಅಕ್ಷರ ಬರುವ ಮುನ್ನ ಕಾಗದ ಬರೆಯಲು ಕುಳಿತದ್ದು. ಅದರ ಹೊಣೆ ಕಲಿಸಿದವನಾದ ನನ್ನದು.

ಹಳಬರು ಜೋಡಿ ಅಭ್ಯಾಸದ ನಾಲ್ಕು ದೋಷಗಳನ್ನು ಹೆಸರಿಸಿದ್ದಾರೆ: ಡಿಂಗ್, ಬಿಯೆನ್, ದ್ಯೂ, ಕಾಂಗ್. ಡಿಂಗ್ ಎಂದರೆ ಹೋರಿ ಹಾಯುವಂತೆ ಎದುರಿನ ಬಲಕ್ಕೆ ನೆತ್ತಿ ಕೊಡುವುದು. ಬಿಯೆನ್ ಎಂದರೆ ಗಾಳಿ ಹೋದ ಟ್ಯೂಬಿನಂತೆ ಚಪ್ಪಟೆಯಾಗಿಬಿಡುವುದು. ದ್ಯೂ ಎಂದರೆ ಸ್ಪರ್ಶವನ್ನೇ ಕಳೆದುಕೊಂಡು ದೂರ ಸರಿಯುವುದು. ಕಾಂಗ್ ಎಂದರೆ ಹಟಕ್ಕೆ ಬಿದ್ದು ಸೆಣಸುವುದು. ಲಾರಿ ಯಜಮಾನರೊಂದಿಗೆ ನಮ್ಮ ಗೆಳೆಯರು ಮಾಡುವುದು ಒಂದನೆಯದು ಮತ್ತು ನಾಲ್ಕನೆಯದು. ಮೇಷ್ಟ್ರೊಂದಿಗೆ ಮಾಡುವುದು ಎರಡನೆಯದು ಮತ್ತು ಮೂರನೆಯದು. ಒಬ್ಬನೇ ಮನುಷ್ಯ ಒಂದೇ ಬೆಳಿಗ್ಗೆ ನಾಲ್ಕನ್ನೂ ಪೂರೈಸುತ್ತಿದ್ದಾನೆ ಎಂಬುದು ನನಗೆ ಈಗ ಹೊಳೆಯಿತು.

‘ಕೇಳುವ ಬಲ’ ಎಂಬರ್ಥದ ತಿಂಗ್ ಜಿನ್ ಎಂಬ ಮಾತನ್ನು ನಾನು ತರಗತಿಯಲ್ಲಿ ಬಳಸುತ್ತೇನೆ. ಚೀನೀ ಭಾಷೆಯಲ್ಲಿ ಆಲಿಸುವುದಕ್ಕೆ ತಿಂಗ್, ಪ್ರಶ್ನಿಸುವುದಕ್ಕೆ ವೆನ್ ಎಂದು ಬೇರೆ ಬೇರೆ ಪದಗಳಿವೆ; ಎದುರಿನವರ ನಿಲುವನ್ನು ಅರಿಯಲು ಒಂದು ಸಣ್ಣ ಒತ್ತು ಕೊಟ್ಟು ನೋಡುವುದನ್ನು ವೆನ್ ಜಿನ್ ಎನ್ನುತ್ತಾರೆ. ಕನ್ನಡದಲ್ಲಿ ನಮಗೆ ಎರಡಕ್ಕೂ ‘ಕೇಳು’ ಒಂದೇ. ಕೈಯಿಂದ ಕೇಳು ಎಂದರೆ ವಿಚಾರಿಸು ಎಂದೂ ಆಯಿತು, ಉತ್ತರಕ್ಕೆ ಕಿವಿಗೊಡು ಎಂದೂ ಆಯಿತು. ಅಭ್ಯಾಸದಲ್ಲಿ ಇವೆರಡೂ ಬೇರೆ ಬೇರೆ ಕ್ಷಣಗಳಲ್ಲಿ ನಡೆಯುವುದೇ ಇಲ್ಲವಾದ್ದರಿಂದ, ಈ ಒಂದು ವಿಷಯದಲ್ಲಿ ನಮ್ಮ ಭಾಷೆಯೇ ಹೆಚ್ಚು ಅನುಕೂಲವೆಂದು ನನಗೆ ತೋರುತ್ತದೆ.

ಹರಿಗೋಲು (ಆನೆಗೊಂದಿ)

ಹಗುರವೆಂದರೆ ಸತ್ತ ಕೈ ಎಂದು ಬಹಳ ಜನ ತಿಳಿದಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವ ಮನೆತನದವನು ನಾನು. ತೈ ಚಿಯನ್ನು ಹಂಪಿಗೆ ಬರುತ್ತಿದ್ದ ಪ್ರವಾಸಿಯೊಬ್ಬರಿಂದ ಎರಡು ಚಳಿಗಾಲ ಕಲಿತೆ. ಅವರು ಪಂಗ್ ಎಂಬ ಮೊದಲ ಬಲವನ್ನು ವಿವರಿಸುವಾಗ, ಹಳೆಯ ಹಾಡುಗಳಲ್ಲಿ ಅದನ್ನು ದೋಣಿಯನ್ನು ಹೊತ್ತ ನೀರಿಗೆ ಹೋಲಿಸಿದ್ದಾರೆ ಎಂದಾಗ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ನೀರು ಹರಿಗೋಲನ್ನು ಹಿಡಿದುಕೊಂಡಿರುವುದಿಲ್ಲ, ತಳ್ಳುತ್ತಲೂ ಇರುವುದಿಲ್ಲ. ಆದರೂ ಬುಟ್ಟಿಯ ತಳದಲ್ಲಿ ನೀರು ಮುಟ್ಟದ ಒಂದು ಅಂಗುಲವೂ ಇರುವುದಿಲ್ಲ. ಒಬ್ಬರು ಹೆಚ್ಚು ಹತ್ತಿದರೆ ಅಷ್ಟೇ ಹೆಚ್ಚು ಹೊರುತ್ತದೆ, ಇಳಿದರೆ ಅಷ್ಟೇ ಬಿಡುತ್ತದೆ. ನಿಮ್ಮ ಮುಂಗೈ ಹಾಗಿರಬೇಕು. 200 ಗ್ರಾಂ ಒತ್ತಿದರೆ 200 ಗ್ರಾಂ ಹೊರಬೇಕು. 150 ಹೊತ್ತರೆ ಕೈ ಕುಸಿಯುತ್ತದೆ, 300 ಕೊಟ್ಟರೆ ಅದು ಜಗಳ.

ಹುಟ್ಟು ಹಾಕುವಾಗಲೂ ಅಷ್ಟೇ. ಹೊಸಬರು ಹುಟ್ಟನ್ನು ಬಿಗಿಹಿಡಿಯುತ್ತಾರೆ, ಆಗ ಹರಿಗೋಲು ನಿಂತಲ್ಲೇ ಗಿರಗಿರ ತಿರುಗುತ್ತದೆ. ಬೆರಳು ಸಡಿಲಿಸಿದರೆ ಸೆಳೆತ ಯಾವ ಕಡೆಗಿದೆ ಎಂಬುದನ್ನು ಹುಟ್ಟಿನ ಹಿಡಿಯೇ ಹೇಳುತ್ತದೆ. ಸೆಳೆತಕ್ಕೆ ಎದುರಾಗಿ ಯಾರೂ ಹೊಳೆ ದಾಟುವುದಿಲ್ಲ, ಓರೆಯಾಗಿ ದಾಟುತ್ತಾರೆ.

ಜೀನ್ಸ್ ಟೇಲರ್ (ಬಳ್ಳಾರಿ)

ಹೋಲಿಕೆ ಹೇಳುವುದಾದರೆ ನನ್ನದೂ ಒಂದು ಇರಲಿ. ಜೀನ್ಸ್ ಹೊಲಿಯಲು ಬರುವ ಹೊಸ ಹುಡುಗರು ಬಟ್ಟೆಯನ್ನು ಸೂಜಿಯ ಕಡೆಗೆ ತಳ್ಳುತ್ತಾರೆ ಅಥವಾ ಹಿಂದಿನಿಂದ ಎಳೆಯುತ್ತಾರೆ. ತಳ್ಳಿದರೆ ಹೊಲಿಗೆ ನೆರಿಗೆಯಾಗುತ್ತದೆ, ಎಳೆದರೆ ಸೂಜಿ ಬಾಗಿ ಮುರಿಯುತ್ತದೆ. ಬಟ್ಟೆಯನ್ನು ಒಯ್ಯುವುದು ಸೂಜಿಯ ಕೆಳಗಿರುವ ಹಲ್ಲುಗಳ ಕೆಲಸ. ಕೈ ಅದರ ವೇಗದಲ್ಲೇ ಜೊತೆಗೆ ಹೋಗಬೇಕು. ನಾಲ್ಕು ಪದರ ಸೇರುವ ದಪ್ಪ ಮೂಲೆ ಬಂದಾಗ ಕಣ್ಣಿಗೆ ಕಾಣುವ ಮುನ್ನ ಬೆರಳಿಗೆ ಗೊತ್ತಾಗುತ್ತದೆ. ಇದು ನನಗೆ ಎರಡು ವರ್ಷ ಹಿಡಿಯಿತು. ಮೂರು ತಿಂಗಳಿಗೇ ಬೇಸರಿಸಬೇಡಿ.

ಜೋಳದ ಹೊಲ (ಸಿಂಧನೂರು)

ಹೋಲಿಕೆಗಳು ಚೆನ್ನಾಗಿವೆ, ಆದರೆ ಹೆಣ್ಣುಮಕ್ಕಳ ಕಡೆಯ ಒಂದು ವಿಷಯವನ್ನು ಯಾರೂ ಎತ್ತಿಲ್ಲ. ನಮ್ಮಲ್ಲಿ ಒಂಬತ್ತು ಜನ ಹೆಂಗಸರು ಒಂದು ಕಲ್ಯಾಣ ಮಂಟಪದ ಮೇಲ್ಮಹಡಿಯಲ್ಲಿ ಅಭ್ಯಾಸ ಮಾಡುತ್ತೇವೆ. ಮೊದಲು ಹೇಳಿಕೊಡಲು ಬಂದಿದ್ದವರು ಅಂಗೈಯನ್ನು ಎದೆಗೆ ಒತ್ತುವ ಸುತ್ತನ್ನೇ ಎಲ್ಲರಿಂದಲೂ ಮಾಡಿಸಲು ಹೊರಟಾಗ ನಾಲ್ಕು ಜನ ಮರುದಿನದಿಂದ ಬರಲೇ ಇಲ್ಲ. ಅವರು ಯಾಕೆ ಬರುತ್ತಿಲ್ಲ ಎಂದು ಕೇಳುವ ಸೂಕ್ಷ್ಮತೆಯೂ ಆ ಗುರುಗಳಿಗೆ ಇರಲಿಲ್ಲ. ಸ್ಪರ್ಶದ ಸೂಕ್ಷ್ಮತೆಯನ್ನು ಕಲಿಸುವವರಲ್ಲಿ ಅದನ್ನು ನಿರೀಕ್ಷಿಸುವುದು ತಪ್ಪಲ್ಲವಷ್ಟೇ.

ಈಗ ನಾವು ಗುರಿಯನ್ನು ಬದಲಿಸಿಕೊಂಡಿದ್ದೇವೆ. ಎದೆಯ ಬದಲು ಹೆಗಲಿನ ಮುಂಬದಿಗೆ ಒತ್ತುತ್ತೇವೆ. ಸುತ್ತಿನ ಆಕಾರ ಕೊಂಚ ಓರೆಯಾಗುತ್ತದೆ, ಕಲಿಕೆಗೆ ಏನೂ ಕೊರತೆಯಾಗಿಲ್ಲ. ಪ್ರತಿ ದಿನ ಆರಂಭಕ್ಕೆ ಮುನ್ನ ಎಲ್ಲಿ ಮುಟ್ಟಬಹುದು, ಎಲ್ಲಿ ಬೇಡ ಎಂದು ಜೋಡಿಯವರು ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳುತ್ತಾರೆ. ಮೊದಲ ವಾರ ನಾಚಿಕೆಯಾಯಿತು, ಈಗ ಅದು ಚಪ್ಪಲಿ ಬಿಡುವಷ್ಟೇ ಸಹಜವಾಗಿದೆ. ಹೋದವರಲ್ಲಿ ಮೂವರು ಮರಳಿ ಬಂದಿದ್ದಾರೆ.

ಮುಂಜಾನೆ ಮೇಷ್ಟ್ರು (ಬಳ್ಳಾರಿ)

ಈ ಚರ್ಚೆಯನ್ನು ನನ್ನ ಮೊಮ್ಮಗಳು ಓದಿ ತೋರಿಸಿದಳು. ಗುಡ್ಡದ ಬುಡದ ತಮ್ಮಾ, ನೀನು ಬರೆದ ಆ 68 ವರ್ಷದ ಮೇಷ್ಟ್ರು ನಾನೇ ಎಂದು ಬೇರೆ ಹೇಳಬೇಕಿಲ್ಲ.

ನಿಜ ಹೇಳುತ್ತೇನೆ, ಮೊದಲು ಓದಿದಾಗ ಪಿಚ್ಚೆನಿಸಿತು. ಮೂರು ತಿಂಗಳಿನಿಂದ ನಾನು ಬೆರಳು ತಾಗಿಸಿದರೆ ನೀನು ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದೆ. ನನ್ನಲ್ಲಿ ಏನೋ ಸಿದ್ಧಿಸಿದೆ ಎಂದು ನಾನು ಮನೆಯಲ್ಲಿ ಹೇಳಿಕೊಂಡು ತಿರುಗಾಡಿದ್ದೆ. ಹೆಂಡತಿಯ ಮುಂದೆ ಒಂದು ಸಲ ಮಾಡಿ ತೋರಿಸಲು ಹೋದೆ, ಅವಳು ಒಂದಿಂಚೂ ಕದಲಲಿಲ್ಲ. ‘ಸರಿಯಿರಿ, ರೊಟ್ಟಿ ಸೀಯುತ್ತದೆ’ ಎಂದಳು. ಅಂದೇ ನನಗೆ ಅನುಮಾನ ಬರಬೇಕಾಗಿತ್ತು.

ಮೂವತ್ತು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವನು ನಾನು. ತಪ್ಪಿಗೆ ಸರಿ ಗುರುತು ಹಾಕಿದರೆ ಹುಡುಗ ಖುಷಿಯಾಗುತ್ತಾನೆ, ಮುಂದಿನ ತರಗತಿಯಲ್ಲಿ ಮುಗ್ಗರಿಸುತ್ತಾನೆ. ನೀನು ಗೌರವದಿಂದ ನನಗೆ ಹಾಕುತ್ತಿದ್ದುದು ಅದೇ ಗುರುತು. ನನ್ನ ಕೈಗೆ ಸುಳ್ಳು ಉತ್ತರ ಬಂದರೆ ಅದು ಯಾವುದನ್ನು ಕಲಿಯಬೇಕು? ನನಗೆ ಸಕ್ಕರೆ ಇದೆ, ಮಾತ್ರೆಯಲ್ಲಿ ಹತೋಟಿಯಲ್ಲಿದೆ. ಬೂಟು ಹಾಕಿಕೊಂಡು, ಬೆನ್ನಿಗೆ ಕಟ್ಟೆ ಬರುವಂತೆ ನಿಲ್ಲುತ್ತೇನೆ. ನಾಳೆಯಿಂದ ನನ್ನನ್ನು ಒತ್ತು. ಬಿದ್ದರೆ ಬೈಯುವುದಿಲ್ಲ.

ತಕ್ಕಡಿಯ ಜೊತೆಗೆ ನನ್ನದೊಂದು ಉಪಾಯ. ಎರಡು ಮಣಿಕಟ್ಟುಗಳ ನಡುವೆ ಒಂದು ವೀಳ್ಯದೆಲೆ ಇಟ್ಟುಕೊಂಡು ಸುತ್ತು ಹಾಕೋಣ. ಸ್ಪರ್ಶ ತಪ್ಪಿದರೆ ಎಲೆ ಬೀಳುತ್ತದೆ, ಹಟ ಮಾಡಿದರೆ ಕಂದುತ್ತದೆ. ಯಾರ ತಪ್ಪು ಎಂಬ ವಾದಕ್ಕೆ ಎಡೆಯಿರುವುದಿಲ್ಲ.

ಹಿಂಗಾಲು (ಬಳ್ಳಾರಿ)

ಸರ್, ನಿಮ್ಮ ಮಾತು ಓದಿ ನನಗೂ ಒಂದು ತಪ್ಪೊಪ್ಪಿಗೆ ನೆನಪಾಯಿತು. ನಾನು ಕಲಿಸುವವನು ಎಂಬ ಕಾರಣಕ್ಕೆ ನೀವೆಲ್ಲರೂ ನನಗೂ ಅಷ್ಟಿಷ್ಟು ಬಿಟ್ಟುಕೊಡುತ್ತಿದ್ದಿರಿ, ನಾನದನ್ನು ಗಮನಿಸಿಯೂ ಸುಮ್ಮನಿದ್ದೆ. ತೈ ಚಿ ಲೋಕದಲ್ಲಿ ಇದು ಹಳೆಯ ರೋಗ. ಶಿಷ್ಯರು ಗುರುವಿನ ಮುಂದೆ ತಾವಾಗಿ ಹಾರಿ ಬೀಳುತ್ತಾ ಹೋದರೆ ಕೆಲವು ವರ್ಷಗಳಲ್ಲಿ ಗುರುವಿಗೂ ಅದು ನಿಜವೆನಿಸುತ್ತದೆ. 2017ರಲ್ಲಿ ಚೆಂಗ್ಡು ನಗರದಲ್ಲಿ ಶು ಶಿಯಾವೊಡೊಂಗ್ ಎಂಬ ಮಿಶ್ರ ಸಮರಕಲೆಯ ಪಟು ತೈ ಚಿ ಗುರುವೊಬ್ಬರನ್ನು ಅರ್ಧ ನಿಮಿಷದೊಳಗೆ ಕೆಡವಿದ ದೃಶ್ಯವನ್ನು ಬಹಳ ಜನ ನೋಡಿದ್ದೀರಿ. ಅದನ್ನು ನೋಡಿ ತೈ ಚಿಯೇ ಸುಳ್ಳು ಎಂದವರೂ ಇದ್ದಾರೆ. ಪ್ರಾಮಾಣಿಕವಾಗಿ ಒತ್ತುವ ಜೋಡಿಗಾರರಿಲ್ಲದೆ ಬೆಳೆದ ಅಭ್ಯಾಸ ಕಡೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ ಎಂದು ಮಾತ್ರ ನಾನು ಓದಿಕೊಂಡೆ.

1964ರಲ್ಲಿ ನ್ಯೂಯಾರ್ಕಿಗೆ ಹೋಗಿ ಕಲಿಸಿದ ಝೆಂಗ್ ಮಾನ್‌ಚಿಂಗ್ ತಮ್ಮ ಶಿಷ್ಯರಿಗೆ ನಷ್ಟ ಉಣ್ಣುವುದನ್ನು ಕಲಿಯಿರಿ ಎಂದು ಒತ್ತಿ ಹೇಳುತ್ತಿದ್ದರು. ಬಲದಿಂದ ತಪ್ಪಿಸಿಕೊಂಡು ಗೆಲ್ಲುವ ಬದಲು, ಸೋತರೂ ಸರಿ, ಮೃದುವಾಗಿಯೇ ಇದ್ದು ಎಲ್ಲಿ ಸೋತೆ ಎಂಬುದನ್ನು ನೋಡುವುದು. ಆದರೆ ಬೇಕೆಂದೇ ಸೋಲುವುದು ನಷ್ಟ ಉಣ್ಣುವುದಲ್ಲ, ಅದು ಎದುರಿನವರಿಗೆ ನಷ್ಟ ಉಣ್ಣಿಸುವುದು.

ನೆಲ್ಲು ಗದ್ದೆ (ಗಂಗಾವತಿ)

ಪ್ರಾಣಶಕ್ತಿ ಪಳಗಿದರೆ ಮುಟ್ಟುವ ಅಗತ್ಯವೇ ಇಲ್ಲ, ಆರು ಅಡಿ ದೂರದಿಂದಲೇ ತಳ್ಳಬಹುದು ಎಂದು ನಾನು ಒಂದು ಶಿಬಿರದಲ್ಲಿ ಕಣ್ಣಾರೆ ಕಂಡಿದ್ದೇನೆ. ಈ ಎಲೆ, ತಕ್ಕಡಿಗಳೆಲ್ಲ ಆರಂಭಿಕರ ಆಟಿಕೆಗಳು.

ಗರಡಿ ಹಳಬ (ರಾಯಚೂರು)

ಆ ಶಿಬಿರದವರನ್ನು ಒಮ್ಮೆ ನಮ್ಮ ಗರಡಿಗೆ ಕರೆತನ್ನಿ. ಆರು ಅಡಿ ಏಕೆ, ಹನ್ನೆರಡು ಅಡಿ ಜಾಗ ಬಿಡುತ್ತೇವೆ.

ಮೇಷ್ಟ್ರ ಬರಹ ಓದಿದ ಮೇಲೆ ನನ್ನ ಮೊದಲಿನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಗರಡಿಯಲ್ಲಿ ಹಿರಿಯ ಪೈಲ್ವಾನರು ಎಳೆಯ ಹುಡುಗರೊಂದಿಗೆ ಅಭ್ಯಾಸ ಮಾಡುವಾಗ ಪೂರ್ತಿ ಬಲ ಬಿಡುತ್ತಿರಲಿಲ್ಲ. ಹುಡುಗ ತಾಳಬಲ್ಲದ್ದಕ್ಕಿಂತ ಒಂದು ಎಳೆ ಹೆಚ್ಚು ಮಾತ್ರ ಕೊಡುತ್ತಿದ್ದರು, ಆದರೆ ಕೊಟ್ಟದ್ದು ನಿಜವಾದ ಬಲವಾಗಿರುತ್ತಿತ್ತು. ನಮ್ಮ ವಸ್ತಾದರು ನನ್ನನ್ನು ಕೆಡವುವ ಮುನ್ನ ಒಂದು ಕ್ಷಣ ನಿಲ್ಲಿಸಿ, ‘ಈಗ ನಿನ್ನ ಭಾರ ಎಲ್ಲಿದೆ, ಹೇಳು’ ಎನ್ನುತ್ತಿದ್ದರು. ಹೇಳಲು ಬಾರದಿದ್ದರೆ ಕೆಡವುತ್ತಿದ್ದರು. ಹೇಳಿದರೂ ಕೆಡವುತ್ತಿದ್ದರು, ಆ ಮಾತು ಬೇರೆ. ಅವರದ್ದು 200 ಗ್ರಾಂ ಆಗಿರಲಿಲ್ಲ, ಆದರೆ ಅಳತೆಯಂತೂ ಇತ್ತು.

ಫಿಜಿಯೋ ಅಕ್ಕ (ಕೊಪ್ಪಳ)

ವಸ್ತಾದರ ಆ ‘ಹೇಳು’ ಎಂಬ ಪದ್ಧತಿ ಬಹಳ ಉಪಯುಕ್ತ. ಒಂದು ಸುತ್ತಿನ ನಡುವೆ ಯಾರಾದರೂ ‘ನಿಲ್ಲಿ’ ಎನ್ನಲಿ. ಕಣ್ಣು ಮುಚ್ಚಿಕೊಂಡವರು ಎದುರಿನವರ ಭಾರ ಮುಂಗಾಲಿನಲ್ಲಿದೆಯೋ ಹಿಂಗಾಲಿನಲ್ಲಿದೆಯೋ ಎಂದು ಮಣಿಕಟ್ಟಿನ ಸ್ಪರ್ಶದಿಂದಲೇ ಹೇಳಲಿ, ಅವರು ಸರಿ ತಪ್ಪು ತಿಳಿಸಲಿ. ಊಹೆ ಮತ್ತು ಉತ್ತರದ ನಡುವೆ ಹೊತ್ತು ಕಳೆಯಬಾರದು. ಕೂಡಲೇ ಉತ್ತರ ಸಿಕ್ಕರೆ ಮಾತ್ರ ಮಿದುಳು ಆ ಸ್ಪರ್ಶಕ್ಕೂ ಆ ಅರ್ಥಕ್ಕೂ ಗಂಟು ಹಾಕುತ್ತದೆ.

ಗುಡ್ಡದ ಬುಡದವ (ಬಳ್ಳಾರಿ)

ಐದು ವಾರಗಳ ಬಳಿಕ ಬರೆಯುತ್ತಿದ್ದೇನೆ. ಮೇಷ್ಟ್ರೇ, ಆ ದಿನ ಬಯಲಿನಲ್ಲಿ ನಿಮ್ಮ ಮುಖ ನೋಡಲು ನನಗೆ ಹತ್ತು ನಿಮಿಷ ಬೇಕಾಯಿತು. ಇಲ್ಲಿ ಎಲ್ಲರೆದುರು ಕ್ಷಮೆ ಕೇಳುತ್ತೇನೆ.

ತಕ್ಕಡಿಯ ಫಲಿತಾಂಶ ಮೊದಲು. ‘ಹಗುರ’ ಎಂದು ನಾನು ಒತ್ತಿದ್ದು 1 ಕಿಲೋ 340 ಗ್ರಾಂ. ಲಾರಿ ಯಜಮಾನರು ಒತ್ತಿದ್ದು 900. ಗಟ್ಟಿ ಕೈ ಅವರದೆಂದು ಮೂರು ತಿಂಗಳು ದೂರಿದವನು ನಾನು. ಜೀನ್ಸ್ ಟೇಲರ್ ಅವರು ಒಂದು ಭಾನುವಾರ ನೋಡಲು ಬಂದಿದ್ದರು, ಅವರದು 260. ಎರಡು ಸಲ ಒತ್ತಿಸಿದರೂ ಅಷ್ಟೇ.

ಎಲೆಯೊಂದಿಗೆ ಮೊದಲ ವಾರ ದಿನಕ್ಕೆ ಹದಿನೈದು ಇಪ್ಪತ್ತು ಎಲೆ ಕೆಳಗೆ ಬಿದ್ದವು. ಎರಡನೆಯ ವಾರ ಬೀಳುವುದು ನಿಂತಿತು, ಕಂದುವುದು ಹೆಚ್ಚಾಯಿತು: ಬೀಳಬಾರದೆಂಬ ಆತಂಕಕ್ಕೆ ಎಲ್ಲರೂ ಒತ್ತಿ ಹಿಡಿಯತೊಡಗಿದ್ದೆವು. ಬಿಸಿಲು ಏರಿದ ಮೇಲೆ ಇನ್ನೊಂದು ತಮಾಷೆ ಕಂಡಿತು. ಬೆವರಿಗೆ ಎಲೆ ಮಣಿಕಟ್ಟಿಗೆ ಅಂಟಿಕೊಂಡು, ಕೈ ಬೇರೆಯಾದರೂ ಬೀಳದೆ ಒಬ್ಬರ ಕೈಯಲ್ಲೇ ಉಳಿಯುತ್ತಿತ್ತು. ಹಾಗಾಗಿ ಎಲೆಯ ಅಭ್ಯಾಸವನ್ನು ಈಗ ಬೆಳಿಗ್ಗೆ ಆರರೊಳಗೆ ಮುಗಿಸುತ್ತೇವೆ.

ಮೇಷ್ಟ್ರೊಂದಿಗಿನ ಬೆಳಿಗ್ಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅವರು ಕಟ್ಟೆಗೆ ಬೆನ್ನು ಕೊಟ್ಟು ನಿಂತಿದ್ದರು. ನಾನು ಕಣ್ಣು ಮುಚ್ಚಿ ಸುತ್ತು ಹಾಕುತ್ತಿದ್ದೆ. ನಾಲ್ಕನೆಯ ಸುತ್ತಿನಲ್ಲಿ ಅವರ ಮಣಿಕಟ್ಟು ನನ್ನ ಕೈಯಡಿಯಲ್ಲಿ ಒಂದು ಕ್ಷಣ ನಿಂತುಹೋದಂತೆ ಅನ್ನಿಸಿತು. ಒತ್ತಡ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ತಿರುಗುತ್ತಿದ್ದ ಬಾವಿಯ ಗಾಲಿ ಕಿಲುಬಿಗೆ ಸಿಕ್ಕಿದ ಹಾಗೆ ಏನೋ ಒಂದು ತಡೆ. ಕೈ ಹಿಂದಕ್ಕೆ ಎಳೆದುಕೊಳ್ಳುವ ನನ್ನ ಹಳೆಯ ಚಾಳಿ ಎದ್ದು ಬಂತು, ಅದನ್ನು ತಡೆದುಕೊಂಡೆ. ಆ ತಡೆಯ ನೇರಕ್ಕೆ, ಎಲೆ ಕಂದದಷ್ಟೇ ಬಲದಿಂದ, ಸೊಂಟದಿಂದ ಮುಂದೆ ಹೋದೆ. ಮೇಷ್ಟ್ರು ಒಂದು ಹೆಜ್ಜೆ ಹಿಂದಿಟ್ಟು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಕಣ್ಣು ಬಿಟ್ಟು ನೋಡಿದರೆ ನಗುತ್ತಿದ್ದರು. ‘ಎಡಗಾಲಿನ ಮಂಡಿ ಹಿಡಿದುಕೊಂಡಿತ್ತು, ಅದು ನಿನಗೆ ಹೇಗೆ ಗೊತ್ತಾಯಿತು?’ ಎಂದರು. ಮಂಡಿ ಎಂದು ನನಗೆ ಗೊತ್ತಾಗಿರಲಿಲ್ಲ, ಎಲ್ಲೋ ಸಿಕ್ಕಿಕೊಂಡಿದೆ ಎಂದಷ್ಟೇ ಗೊತ್ತಾಗಿತ್ತು. ಮರುದಿನ ಅವರು ನನ್ನನ್ನು ಮೂರು ಸಲ ಕದಲಿಸಿದರು, ಮೂರೂ ಸಲ ನಾನಾಗಿ ಹೋಗಿರಲಿಲ್ಲ.

ಲಾರಿ ಯಜಮಾನರೊಂದಿಗೆ ಇನ್ನೂ ಏಳೆಂಟನೆಯ ಸುತ್ತಿಗೆ ಹಟ ಶುರುವಾಗುತ್ತದೆ. ಐದರಿಂದ ಎಂಟಕ್ಕೆ ಬಂದಿದ್ದೇವೆ.

ಜೋಳದ ಹೊಲ (ಸಿಂಧನೂರು)

ಎಂಟರಲ್ಲಿ ಹಟ ಬರುವುದಾದರೆ ಏಳಕ್ಕೇ ನಿಲ್ಲಿಸಿ, ಕೈ ಜಾಡಿಸಿ, ಪಾತ್ರ ಬದಲಿಸಿ ಮತ್ತೆ ಒಂದರಿಂದ ಆರಂಭಿಸಿ. ನಾವು ಹಾಗೇ ಮಾಡುತ್ತೇವೆ. ಗಟ್ಟಿಯಾದ ಕೈಯಿಂದ ಮುಂದುವರಿಸಿದರೆ ಕೈ ಗಟ್ಟಿಯಾಗುವುದನ್ನೇ ಕಲಿಯುತ್ತದೆ.

ಮುಂಜಾನೆ ಮೇಷ್ಟ್ರು (ಬಳ್ಳಾರಿ)

ಫಿಜಿಯೋ ತಾಯಿ, ಆ ಎಡಮಂಡಿಯನ್ನು ತೋರಿಸಲು ಬುಧವಾರ ಕೊಪ್ಪಳಕ್ಕೆ ಬರುತ್ತಿದ್ದೇನೆ. ಅದು ಹಿಡಿದುಕೊಳ್ಳುತ್ತದೆ ಎಂಬುದು ಈ ಹುಡುಗ ಒತ್ತುವವರೆಗೂ ನನಗೇ ಗೊತ್ತಿರಲಿಲ್ಲ.

ರಾಯಚೂರಿನ ವಸ್ತಾದರು ಒಂದು ಭಾನುವಾರ ಬಂದು ನಮ್ಮನ್ನು ನಿಲ್ಲಿಸಿ ‘ಭಾರ ಎಲ್ಲಿದೆ, ಹೇಳು’ ಎಂದು ಕೇಳಬೇಕೆಂದು ಎಲ್ಲರ ಆಸೆ. ಚಹಾದ ವ್ಯವಸ್ಥೆ ನನ್ನದು.

ಗರಡಿ ಹಳಬ (ರಾಯಚೂರು)

ಬರುತ್ತೇನೆ. ಬೆಳಿಗ್ಗೆ ಆರಕ್ಕೆ ಎಲೆ ಮುಗಿಯುತ್ತದೆ ಎಂದಿರಲ್ಲ, ಹಾಗಾದರೆ ಹಿಂದಿನ ರಾತ್ರಿಯೇ ಬಂದು ತಂಗುತ್ತೇನೆ.

ಗುಡ್ಡದ ಬುಡದವ (ಬಳ್ಳಾರಿ)

ಎಲೆ ಈ ಸಲ ನಾನೇ ತರುತ್ತೇನೆ, ಎರಡು ಕಟ್ಟು. ಕಳೆದ ಭಾನುವಾರ ಉಳಿದಿದ್ದ ಎಲೆಗಳಿಗೆ ಮೇಷ್ಟ್ರು ಮತ್ತು ಲಾರಿ ಯಜಮಾನರು ಸುಣ್ಣ ಹಚ್ಚಿ ಅಡಿಕೆ ಸೇರಿಸಿ ಬಾಯಿಗೆ ಹಾಕಿಕೊಂಡುಬಿಟ್ಟಿದ್ದರಿಂದ, ಕೊನೆಯ ಜೋಡಿಗೆ ಅಭ್ಯಾಸಕ್ಕೆ ಎಲೆಯೇ ಇರಲಿಲ್ಲ.